ತವರಗಾಡಿಯ ದನಿ

ನನ್ನ ಕಿವಿಯ ಬಗ್ಗೆ ನನಗೆ ಸೊಕ್ಕಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಆ ಸೊಕ್ಕಿನಿಂದಲೇ ಆದದ್ದು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಕೊಪ್ಪಳದ ಸ್ಟೇಷನ್ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುವವನು ನಾನೊಬ್ಬನೇ. ಗ್ಯಾನಪ್ಪ ಎಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಿಸ್ತ್ರಿ ಎಂದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಊರಿಗೆ ಬಂದುಹೋಗುವ ಮೋಟಾರುಗಳು ಹತ್ತೋ ಹನ್ನೆರಡೋ. ಒಳಗೆ ಕೂತು ರೊಟ್ಟಿ ತಿನ್ನುತ್ತಲೇ ರಸ್ತೆಯಲ್ಲಿ ಹೋದದ್ದು ಯಾವುದು, ಅದರ ಎಷ್ಟು ಸಿಲಿಂಡರು ಉರಿಯುತ್ತಿಲ್ಲ ಎಂದು ಹೇಳುತ್ತಿದ್ದೆ. ನನ್ನ ಹೆಂಡತಿ ಪಕ್ಕೀರವ್ವ, “ನಾ ಕರದ್ರ ಕೇಳಂಗಿಲ್ಲ, ಮೋಟಾರ ಕೆಮ್ಮಿದ್ರ ಕೇಳ್ತೈತಿ ಈ ಮನಿಷ್ಯಾಗ” ಎಂದು ಬೈಯುತ್ತಿದ್ದಳು.

ನಮ್ಮ ಒಬ್ಬಳೇ ಮಗಳು ಹುಲಿಗವ್ವನಿಗೂ ಅದೇ ಕಿವಿ ಬಂದಿತ್ತು. ಚಿಕ್ಕಂದಿನಲ್ಲಿ, ಹತ್ತು ವರ್ಷದವಳಿದ್ದಾಗ, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಾ ಆಡುತ್ತಾ ಒಂದೇ ಕಾಲಿನ ಮೇಲೆ ನಿಂತು, ತಲೆ ವಾರೆ ಮಾಡಿ, “ಅಪ್ಪಾ, ಈಶಪ್ಪ ಸಾವ್ಕಾರ್ರ ಗಾಡಿ ಬಂತು. ಹೊಟ್ಟಿ ಕಟ್ಟೈತಿ ಅದಕ್ಕ” ಎನ್ನುತ್ತಿದ್ದಳು. ಹೋಗಿ ನೋಡಿದರೆ ಸೈಲೆನ್ಸರಿನಲ್ಲಿ ಮಸಿ ತುಂಬಿರುತ್ತಿತ್ತು. ಗಂಡುಮಗನಿಲ್ಲ ಎಂದು ಯಾರಾದರೂ ಲೊಚಗುಟ್ಟಿದರೆ ನನಗೆ ನಗು ಬರುತ್ತಿತ್ತು.

ಈಶಪ್ಪ ಸಾಹುಕಾರರ ಆ ಬಸ್ಸು ಕೊಪ್ಪಳ ಸ್ಟೇಷನ್ನಿನಿಂದ ಹೊರಟು ಗಂಗಾವತಿ, ಕನಕಗಿರಿ, ಹುಲಿಹೈದರ ದಾಟಿ ತಾವರಗೇರಾಕ್ಕೆ ವಾರಕ್ಕೆ ಮೂರು ಸಲ ಹೋಗುತ್ತಿತ್ತು. ಆ ದಾರಿಯ ಹೆಂಗಸರು ತಾವರಗೇರಾ ಗಾಡಿ ಎಂಬುದನ್ನು ಬಾಯಲ್ಲಿ ಸವೆಸಿ ಸವೆಸಿ ತವರಗಾಡಿ ಮಾಡಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಂಚಮಿಗೆ, ಚೊಚ್ಚಲ ಬಾಣಂತನಕ್ಕೆ ಅವರನ್ನು ತವರಿಗೆ ತಂದು ಇಳಿಸುತ್ತಿದ್ದದ್ದು ಅದೇ. ದೂರದಲ್ಲಿ ಅದರ ದನಿ ಕೇಳಿದರೆ ಹೊಲದಲ್ಲಿ ಬೆಳೆ ಕೊಯ್ಯುತ್ತಿದ್ದವರು ಕುಡುಗೋಲು ಬಿಟ್ಟು ರಸ್ತೆಗೆ ಬರುತ್ತಿದ್ದರು, ಯಾರು ಇಳಿದರು, ಯಾರು ಹತ್ತಿದರು ಎಂದು ನೋಡುವುದಕ್ಕೆ. ಹುಲಿಗವ್ವನನ್ನು ಹುಲಿಹೈದರಕ್ಕೆ ಕೊಟ್ಟಾಗ ಬೀಗರ ಮನೆಗಿಂತ ಮೊದಲು ನಾನು ನೋಡಿದ್ದು ಆ ಬಸ್ಸು ಅವರ ಊರ ಮುಂದೆ ನಿಲ್ಲುತ್ತದೋ ಇಲ್ಲವೋ ಎಂಬುದನ್ನು.

ಇಲ್ಲಿ ಯಂತ್ರದ ಮಾತು ಸ್ವಲ್ಪ ಹೇಳಬೇಕು. ಆ ಬಸ್ಸಿನದು ಎಂಟು ಸಿಲಿಂಡರಿನ ಎಂಜಿನ್ನು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಎಡಗಡೆಯ ಹೊಗೆ ಎಂಜಿನ್ನಿನ ಮುಂದುಗಡೆ ಒಂದು ಅಡ್ಡ ಪೈಪಿನಲ್ಲಿ ದಾಟಿ ಬಂದು ಬಲಗಡೆಯ ಹೊಗೆಯನ್ನು ಕೂಡಿಕೊಳ್ಳುತ್ತದೆ. ಎರಡೂ ಸೇರಿ ಹಿಂದಿನ ಒಂದೇ ಪೈಪಿನಿಂದ ಹೊರಗೆ ಬೀಳುತ್ತವೆ. ಈ ಎಂಜಿನ್ನುಗಳಲ್ಲಿ ಸಿಲಿಂಡರುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಎಂದು ಸರದಿಯಲ್ಲಿ ಉರಿಯುವುದಿಲ್ಲ. ಒಂದೇ ಮಗ್ಗುಲಲ್ಲಿ ಎರಡು ಬೆನ್ನು ಬೆನ್ನಿಗೆ ಉರಿದು, ಆಮೇಲೆ ಆ ಮಗ್ಗುಲು ಸುಮ್ಮನಾಗುತ್ತದೆ. ಅಡ್ಡ ಪೈಪು ಇದ್ದರೆ ಒಂದು ಮಗ್ಗುಲಿನ ಸಂದನ್ನು ಇನ್ನೊಂದು ಮಗ್ಗುಲು ತುಂಬುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿದ ಹಾಗೆ, ಕೇಳುವವರಿಗೆ ಒಂದೇ ಲಯ. ಆ ಪೈಪನ್ನು ಕಿತ್ತು ಎರಡು ಮಗ್ಗುಲಿಗೂ ಬೇರೆ ಬೇರೆ ಪೈಪು ಬಿಟ್ಟರೆ ಎಂಜಿನ್ನಿನ ಉಸಿರು ಸಡಿಲವಾಗುತ್ತದೆ, ಜೋರಾಗಿ ಓಡಿಸುವಾಗ ಗಾಡಿ ಇನ್ನಷ್ಟು ಮುಂದೆ ನುಗ್ಗುತ್ತದೆ. ಆದರೆ ದನಿ ಒಡೆದುಹೋಗುತ್ತದೆ. ಗುಡು-ಗುಡು, ಗುಡು, ಗುಡು-ಗುಡು ಎಂದು ಕುಂಟುತ್ತದೆ.

ಅಂಥ ಕುಂಟು ದನಿಯ ಕಾರೊಂದು ಆ ವರ್ಷ ನಮ್ಮ ಕಡೆಗೆ ಬಂತು. ದೀಪಾವಳಿ ಮುಗಿಯುತ್ತಿದ್ದಂತೆ ಇಲಿ ಬಿದ್ದವು. ಮೊದಲು ತಾವರಗೇರಾದಲ್ಲಿ, ಆಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ. ಪ್ಲೇಗು ಎನ್ನಲು ಹೆದರಿ ಮಂದಿ ಗಡ್ಡಿ ಬ್ಯಾನಿ ಎನ್ನುತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಜೋಪಡಿ ಹಾಕಿತು. ಹೈದರಾಬಾದಿನಿಂದ ಒಬ್ಬ ಡಾಕ್ಟರರು ಬಂದರು, ಸೂಜಿ ಚುಚ್ಚಲು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಯಾರ ಮೇಲೂ ದನಿ ಏರಿಸದ ಮನುಷ್ಯ. ಅವರಿಗೆ ಸಿಕ್ಕ ಕಾರು ಯಾರೋ ಜಾಗೀರದಾರರು ಬೇಟೆಗೆ ಇಟ್ಟುಕೊಂಡದ್ದು. ಜಿಂಕೆಯ ಹಿಂದೆ ಓಡಲೆಂದು ಅಡ್ಡ ಪೈಪು ಕೀಳಿಸಿದ್ದರು. ಅದು ಬಂದರೆ ಎರಡು ಮೈಲಿ ದೂರಕ್ಕೆ ಕೇಳುತ್ತಿತ್ತು. ಮಂದಿ ಅದಕ್ಕೆ ಕುಂಟ ಎಂದೇ ಹೆಸರಿಟ್ಟಿದ್ದರು.

ಒಂದು ದಿನ ಡಾಕ್ಟರರೇ ನನ್ನ ವರ್ಕ್‌ಶಾಪಿಗೆ ಬಂದರು. ಜೊತೆಗೆ ಅವರ ಡ್ರೈವರ್ ರಾಜಾಸಾಬ, ಯಲಬುರ್ಗಾದವನು.

“ಮಿಸ್ತ್ರಿ,” ಎಂದರು ಡಾಕ್ಟರರು, “ಒಂಬತ್ತು ಊರಿಗೆ ಹೋದೆ. ಎಲ್ಲಾ ಕಡೆ ಒಲೆ ಬಿಸಿ ಅದ, ಮಂದಿ ಇಲ್ಲ. ಯಾರಿಗೆ ಚುಚ್ಚಲಿ?”

“ನಾವಿನ್ನೂ ಎರಡ ಮೈಲಿ ದೂರ ಇರ್ತೀವಿ, ಅವ್ರು ಆಗಲೇ ಮೂರ ಮೈಲಿ ದೂರ ಹೋಗಿರ್ತಾರ” ಎಂದ ರಾಜಾಸಾಬ. “ಚುಚ್ಚಿದ್ರ ಸಾಯ್ತಾರಂತ ಸುದ್ದಿ ಹಬ್ಬೈತಿ.”

“ತಾವರಗೇರಾದಾಗ ಈ ವಾರ ಹದಿನಾಲ್ಕು ಹೆಣ ನೋಡಿದೆ. ಒಬ್ಬರಿಗೂ ಸೂಜಿ ಆಗಿರಲಿಲ್ಲ. ಈ ಗಾಡಿ ದನಿ ಸಣ್ಣದು ಮಾಡಿಕೊಡು, ಸಾಕು” ಎಂದರು ಡಾಕ್ಟರರು.

ಅವರು ಕೇಳಿದ್ದು ಅಷ್ಟೇ. ಒಂದು ದೊಡ್ಡ ಸೈಲೆನ್ಸರು ಕಟ್ಟಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೈ ಸುಮ್ಮನಿರಲಿಲ್ಲ.

“ಸಣ್ಣದ ಯಾಕ ಮಾಡೂದ್ರಿ ಸಾಹೇಬ್ರ, ದನೀನ ಬದಲಿ ಮಾಡ್ತೀನಿ. ಇದೂ ಎಂಟ ಸಿಲಿಂಡರಿಂದ, ಈಶಪ್ಪ ಸಾವ್ಕಾರ್ರ ಬಸ್ಸೂ ಎಂಟ ಸಿಲಿಂಡರಿಂದ. ತವರಗಾಡಿ ಬಂತಂತ ಮಂದೀನ ಓಡಿ ಬರಬೇಕು, ಹಂಗ ಮಾಡ್ತೀನಿ.”

ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಮೋಸ ಆಗ್ತದಲ್ಲ ಮಿಸ್ತ್ರಿ?”

“ಕೂಸಿಗೆ ಕಹಿ ಔಷಧ ಬೆಲ್ಲದಾಗ ಇಟ್ಟ ಕೊಟ್ರ ಮೋಸ ಏನ್ರಿ?” ಎಂದೆ.

ಅವರು ಕಾರನ್ನು ನನ್ನ ಹತ್ತಿರ ಬಿಟ್ಟು ಹೋದರು. ಆ ಹದಿನಾಲ್ಕು ಹೆಣ ಅವರ ಕಣ್ಣ ಮುಂದೆ ಇದ್ದವು. ನನ್ನ ಕಣ್ಣ ಮುಂದೆ ಏನಿತ್ತು ಎಂದು ಕೇಳಿದರೆ, ಪೈಪು ಇತ್ತು.

ಕೆಲಸ ನಾಲ್ಕು ದಿನ ಹಿಡಿಯಿತು. ಮೊದಲು ಸಿಕ್ಕ ಸಣ್ಣ ಪೈಪನ್ನೇ ಅಡ್ಡ ಹಾಕಿದೆ. ದನಿ ಗಂಟಲು ಕಟ್ಟಿದಂತಾಯಿತು, ಎಡಗಡೆ ಕಾದು ಕೆಂಪಾಯಿತು, ಗವಿಮಠದ ಏರಿನಲ್ಲಿ ಕಾರು ಏದುಸಿರು ಬಿಟ್ಟು ನಿಂತಿತು. ಎರಡನೆಯ ಸಲ ದಪ್ಪ ಪೈಪನ್ನು ನೇರವಾಗಿ ತಂದು ಕೂಡಿಸಿದೆ. ಎರಡೂ ಕಡೆಯ ಹೊಗೆ ಎದುರೆದುರು ಡಿಕ್ಕಿ ಹೊಡೆದು ದನಿ ದಬದಬ ಎಂದಿತು. ಮೂರನೆಯ ಸಲ, ಹಳ್ಳ ಹೊಳೆಯನ್ನು ಕೂಡುವಾಗ ಹೇಗೆ ವಾರೆಯಾಗಿ ಬಂದು ಅದರ ಸೆಳೆತದ ಜೊತೆಗೇ ಹೋಗುತ್ತದೋ ಹಾಗೆ ಪೈಪಿನ ಬಾಯನ್ನು ಬಗ್ಗಿಸಿ ಬೆಸೆದೆ. ಬಸ್ಸಿನಿಂದ ತೆಗೆದಿಟ್ಟ ಹಳೆಯ ಸೈಲೆನ್ಸರನ್ನೇ ಹಿಂದೆ ಕಟ್ಟಿದೆ. ಸ್ಟಾರ್ಟು ಮಾಡಿದಾಗ ನನಗೇ ರೋಮಾಂಚನವಾಯಿತು. ಕುಂಟು ಹೋಗಿತ್ತು. ಏರಿನಲ್ಲಿ ಎಳೆತವೂ ಛಲೋ ಬಂದಿತ್ತು.

ಪರೀಕ್ಷೆ ಬೇರೆ ಮಾಡಬೇಕಾಗಲಿಲ್ಲ. ರಾಜಾಸಾಬ ಕಾರನ್ನು ಸ್ಟೇಷನ್ ತನಕ ಒಯ್ದು ತಿರುಗಿಸಿಕೊಂಡು ಬಂದ. ಪಕ್ಕೀರವ್ವ ಮಜ್ಜಿಗೆಯ ತಂಬಿಗೆ ಹಿಡಿದು ಹೊರಗೆ ಬಂದಳು. ಬಸ್ಸಿನ ಡ್ರೈವರ್ ಓಬಳೆಪ್ಪ ಬಂದಾಗಲೆಲ್ಲ ಅವನಿಗೆ ಮಜ್ಜಿಗೆ ಕೊಡುವುದು ಅವಳ ರೂಢಿ. ಕಾರು ನೋಡಿ ಹಾಗೇ ನಿಂತುಬಿಟ್ಟಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವಳು ನಗಲಿಲ್ಲ. “ಇದು ಛಲೋ ಅಲ್ಲ ಬಿಡು” ಎಂದಳು. “ನಾಳೆ ಓಬಳೆಪ್ಪ ಖರೇನ ಬಂದಾಗ ನಾ ಹೊರಗ ಬರ್ಲ್ಯೋ ಬ್ಯಾಡೋ?”

ಹದಿನೈದು ದಿನದಲ್ಲಿ ಎಂಟುನೂರು ಮಂದಿಗೆ ಸೂಜಿಯಾಯಿತು. ಎಣ್ಣೆ ಬದಲಿಸಲು ಬಂದ ರಾಜಾಸಾಬ ಬೇವಿನ ನೆರಳಿನಲ್ಲಿ ಕೂತು ಖುಷಿಯಿಂದ ಹೇಳಿದ: “ಜೋಪಡಿಯಿಂದ ತಾವ ಓಡಿ ಬರ್ತಾರ ಮಿಸ್ತ್ರಿ. ರಸ್ತಾಕ್ಕ ಬಂದಮ್ಯಾಲ ಸುತ್ತ ಸಿಪಾಯ್ಗೋಳು ನಿಂತ್ರ ಮುಗೀತು. ಹುಲಿಹೈದರದಾಗಂತೂ ಒಬ್ಬಾಕಿ ಬಸುರಿ ಹೆಣ್ಮಗಳು ಎಲ್ಲಾರಕಿಂತ ಮುಂದ ಇದ್ಲು. ಮಂದಿ ಅನುಮಾನ ಮಾಡಿ ನಿಂತಿತ್ತು. ಆಕಿ ನಕ್ಕೋತ, ‘ಬರ್ರೆವ್ವಾ, ಇದು ಕುಂಟ ಅಲ್ಲ, ತವರಗಾಡಿ. ನಮ್ಮಪ್ಪನ ಕೈಯಾಗಿನ ಗಾಡಿ ನನಗ ಗುರ್ತ ಸಿಗಂಗಿಲ್ಲೇನು?’ ಅಂತ ಎಲ್ಲಾರ್ನೂ ಕರಕೊಂಡ ಬಂದ್ಲು. ಅರವತ್ತ ಮಂದಿ! ಬಸುರಿ ಅಂತ ಡಾಕ್ಟರ್ ಸಾಬ್ರು ಆಕಿಗೊಬ್ಬಾಕಿಗೆ ಚುಚ್ಚಲಿಲ್ಲ.”

ಅವಳು ನನ್ನ ಮಗಳೆಂದು ರಾಜಾಸಾಬನಿಗೆ ಗೊತ್ತಿರಲಿಲ್ಲ, ಅಪ್ಪ ಎಂದರೆ ಬಸ್ಸಿನ ಡ್ರೈವರ್ ಎಂದುಕೊಂಡಿದ್ದ. ನಾನೂ ಹೇಳಲಿಲ್ಲ. ಎಲ್ಲರನ್ನೂ ಕರೆತಂದವಳು ಅವಳು, ಸೂಜಿ ತಪ್ಪಿದ್ದು ಅವಳಿಗೆ ಮಾತ್ರ. ಹಳ್ಳಿಯ ಮಂದಿ ಅದನ್ನು ಹೇಗೆ ಕೂಡಿಸಿ ನೋಡುತ್ತಾರೆಂದು ತಿಳಿಯದಷ್ಟು ದಡ್ಡ ನಾನಲ್ಲ. ಪಕ್ಕೀರವ್ವನ ಮುಂದೆ ಬಾಯಿ ಬಿಡಲಿಲ್ಲ.

ನಾಲ್ಕು ದಿನ ಬಿಟ್ಟು ಸುದ್ದಿ ಬಂತು. ಹುಲಿಗವ್ವನ ಮಾವ ತೀರಿಕೊಂಡಿದ್ದ. ಕಂಕುಳಲ್ಲಿ ಗಡ್ಡೆ ಎದ್ದಿತ್ತಂತೆ. ಸೂಜಿ ಹಾಕುವ ಮೊದಲೇ ಬೇನೆ ಅವನೊಳಗೆ ಇತ್ತು ಎಂದರು ಡಾಕ್ಟರರು. ಇದ್ದಿರಬೇಕು. ಆದರೆ ಸೂಜಿಯಾದ ಮೂರನೆಯ ದಿನಕ್ಕೆ ಸತ್ತವನ ಮನೆಯಲ್ಲಿ ಅದನ್ನು ಯಾರು ಕೇಳುತ್ತಾರೆ? ಅದೇ ದಿನ ಕನಕಗಿರಿಯ ಆಚೆ ನಾಕಾಬಂದಿಯಾಯಿತು. ಡಾಕ್ಟರರ ಕಾರೊಂದನ್ನು ಬಿಟ್ಟು ಯಾವ ಗಾಡಿಯನ್ನೂ ಬಿಡಲಿಲ್ಲ. ಬೀಗನ ಮಣ್ಣಿಗೂ ಹೋಗಲಾಗಲಿಲ್ಲ. ಮೂರು ವಾರ ಬಸ್ಸು ನಿಂತಿತು. ಆ ಮೂರು ವಾರ ಆ ದಾರಿಯಲ್ಲಿ ತವರಗಾಡಿಯ ದನಿ ಮಾಡುತ್ತಾ ಓಡಾಡಿದ್ದು ಕುಂಟನೊಬ್ಬನೇ.

ಹುಲಿಗವ್ವನಿಗೆ ಆಗ ಎಂಟು ತಿಂಗಳು. ಏಳರಲ್ಲೇ ಕರೆತರಬೇಕಿತ್ತು. ದಾರಿ ತೆರೆದ ಮೊದಲ ದಿನವೇ ಕುಬುಸದ ಖಣ, ಹಸಿರು ಬಳೆ ಕಟ್ಟಿಕೊಂಡು ನಾನು ಓಬಳೆಪ್ಪನ ಪಕ್ಕದಲ್ಲಿ ಕೂತೆ. ಹೇಮಗುಡ್ಡದ ದುರ್ಗಮ್ಮನಿಗೆ ಬಸ್ಸಿನಿಂದಲೇ ಕೈ ಮುಗಿದೆ. ಹುಲಿಗವ್ವನಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ. ಕನಕಗಿರಿ ದಾಟಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ರಸ್ತೆಯ ಬದಿಗೆ ಯಾರೂ ಬರುತ್ತಿರಲಿಲ್ಲ. ಹೊಲದಲ್ಲಿ ಕುಡುಗೋಲು ಬಿದ್ದಿದ್ದವು, ಹಿಡಿದ ಕೈಗಳಿರಲಿಲ್ಲ.

ಹುಲಿಹೈದರದ ಜೋಪಡಿಗಳ ಮುಂದೆ ಬಸ್ಸು ನಿಂತಿತು. ಇಳಿದು ಒಳಗೆ ಹೋದೆ. ಒಲೆಯ ಮೇಲೆ ಅಂಬಲಿ ಕುದಿಯುತ್ತಿತ್ತು. ಹಲಗೆಯ ಮೇಲೆ ಅರ್ಧ ತಟ್ಟಿದ ರೊಟ್ಟಿ. ಒಲೆ ಬಿಸಿ ಅದ, ಮಂದಿ ಇಲ್ಲ. ಡಾಕ್ಟರರ ಮಾತು ನೆನಪಾಗಿ ಹೊರಗೆ ಓಡಿದೆ.

“ಹುಲಿಗವ್ವಾ!” ಎಂದು ಕೂಗಿದೆ. ಆಚೆ ಬಂಡೆಗಲ್ಲಿನ ಗುಡ್ಡದಲ್ಲಿ ಸೀರೆಗಳು ಓಡುತ್ತಿದ್ದವು. ಎಲ್ಲರಿಗಿಂತ ಹಿಂದೆ ಒಂದು ಹೆಣ್ಣು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಲ್ಲಿನಿಂದ ಕಲ್ಲಿಗೆ. ಅವಳ ನಡಿಗೆ ನನಗೆ ಗುರುತು ಸಿಗದೆ ಇರುತ್ತದೆಯೇ? ಮತ್ತೆ ಮತ್ತೆ ಕೂಗಿದೆ. ಅವಳು ತಿರುಗಲಿಲ್ಲ. ಬಸ್ಸಿನ ಎಂಜಿನ್ನು ಓಡುತ್ತಲೇ ಇತ್ತು. ಕಾದಾಗ ಅದು ಮತ್ತೆ ಸ್ಟಾರ್ಟಾಗುವುದಿಲ್ಲವೆಂದು ಓಬಳೆಪ್ಪ ಬಂದ್ ಮಾಡಿರಲಿಲ್ಲ. ಆ ಗುಂಯ್ ಎನ್ನುವ ದನಿಯಲ್ಲಿ ನನ್ನ ಕೂಗು ಮುಳುಗಿಹೋಗುತ್ತಿತ್ತು. ಅವಳಿಗೆ ಕೇಳುತ್ತಿದ್ದದ್ದು ಗಾಡಿ ಮಾತ್ರ.

“ಬಂದ್ ಮಾಡೋ ಓಬಳೆಪ್ಪಾ! ಬಂದ್ ಮಾಡೋ!”

ಎಂಜಿನ್ನು ನಿಂತಿತು. “ಯವ್ವಾ, ನಾನವ್ವಾ, ನಿಮ್ಮಪ್ಪ!” ಎಂದು ಕಿರುಚಿದೆ. ಆಗ ತಿರುಗಿದಳು. ತಿರುಗುವಾಗಲೇ ಕಾಲು ಜಾರಿತು.

ಬಂಡೆಯ ಮರೆಯಲ್ಲಿ ಅವಳ ಅತ್ತೆ ದುರಗಮ್ಮನೇ ಹೆರಿಗೆ ಮಾಡಿಸಿದಳು. ನಾನು ಬೆನ್ನು ತಿರುಗಿಸಿ ನಿಂತಿದ್ದೆ. ಗಂಡನನ್ನು ಕಳೆದುಕೊಂಡ ಆ ಹೆಂಗಸು ಮೂರು ವಾರದಿಂದ ನನ್ನ ಮಗಳನ್ನು ಬೈಯುತ್ತಿದ್ದಳಂತೆ. ಆದರೆ ಆ ಹೊತ್ತಿನಲ್ಲಿ “ತಡಕೋ ನನ್ನವ್ವಾ, ತಡಕೋ” ಎನ್ನುವ ಮಾತೊಂದನ್ನು ಬಿಟ್ಟು ಅವಳ ಬಾಯಿಂದ ಬೇರೆ ಮಾತು ಬರಲಿಲ್ಲ. ನಾನು ಕಿವಿಗೊಟ್ಟು ನಿಂತೆ. ಕೂಸಿನ ಅಳು ಬರಲಿಲ್ಲ.

ದುರಗಮ್ಮ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ನಿಂತಳು. “ಗಂಡಕೂಸ ಇತ್ರಿ ಬೀಗ್ರ. ಆಕೀನ ಹೇಳಿದ್ಲು, ‘ಅತ್ತಿ, ಈ ಸಲ ನನ್ನ ಕಿವಿ ನಂಬಬ್ಯಾಡ್ರಿ, ಎಲ್ಲಾರೂ ಓಡ್ರಿ’ ಅಂತ. ನಾನಾರ ಬ್ಯಾಡ ನಿಲ್ಲು ಅನಬೇಕಿತ್ತು.”

ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ, ನನ್ನದು ಎಂದು ದುರಗಮ್ಮನಿಗೆ ಅಲ್ಲೇ ಹೇಳಬಹುದಿತ್ತು. ನಾನು ಹೇಡಿ.

ಹುಲಿಗವ್ವನನ್ನು ಬಸ್ಸಿನಲ್ಲೇ ಕರೆತಂದೆ. ಬೇರೆ ದಾರಿ ಇರಲಿಲ್ಲ. ಕೊಪ್ಪಳದ ತನಕ ಅವಳು ಎರಡೂ ಕಿವಿ ಮುಚ್ಚಿಕೊಂಡು ಸೀಟಿನ ಮೇಲೆ ಮಲಗಿದ್ದಳು.

ಮರುದಿನವೇ ದವಾಖಾನೆಗೆ ಹೋಗಿ ಡಾಕ್ಟರರ ಕಾರಿನ ಅಡಿಗೆ ಮಲಗಿ ಆ ಅಡ್ಡ ಪೈಪನ್ನು ಕತ್ತರಿಸಿದೆ. ಡಾಕ್ಟರರು ಹೊರಗೆ ಬಂದು ನಿಂತರು. ನಡೆದದ್ದನ್ನು ಅವರಿಗೆ ಹೇಳಿದೆ.

“ಮೊದಲ ಹದಿನೈದು ದಿನದಾಗ ಸೂಜಿ ಆದ ಎಂಟುನೂರು ಮಂದಿಯೊಳಗ ಸತ್ತವರು ಮೂರೇ ಜನ, ಮಿಸ್ತ್ರಿ” ಎಂದರು. “ಅದನ್ನೂ ನೀನು ನೆನಪಿಡಬೇಕು.”

ನೆನಪಿಟ್ಟಿದ್ದೇನೆ. ಅದರಿಂದ ಎದೆ ಹಗುರವಾಗುವುದಿಲ್ಲ. ಭಾರ ಇನ್ನೂ ಹೆಚ್ಚಾಗುತ್ತದೆ, ಯಾಕೆಂದರೆ ನಾನು ಮಾಡಿದ್ದು ಪೂರ್ತಿ ಕೆಟ್ಟದ್ದು ಎಂದು ಅತ್ತು ಮುಗಿಸಲೂ ಆಗುವುದಿಲ್ಲ. ಕುಂಟ ಮತ್ತೆ ಕುಂಟನಾದ. ಆದರೆ ರಾಜಾಸಾಬ ಹೇಳಿದ ಹಾಗೆ, ಮಂದಿ ಈಗ ಎರಡೂ ದನಿಗೆ ಓಡುತ್ತಿದ್ದರು. ಪೈಪನ್ನು ನಾನು ಕತ್ತರಿಸಬಹುದಿತ್ತು, ಅಷ್ಟೇ.

ಒಂದು ತಿಂಗಳು ಹುಲಿಗವ್ವ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಹಗಲೆಲ್ಲ ಮೋಟಾರುಗಳನ್ನು ತಳ್ಳಿಸಿಕೊಂಡು ಹೋಗಿ ದೂರದ ಹುಣಸೆಮರದ ಕೆಳಗೆ ಸ್ಟಾರ್ಟು ಮಾಡುತ್ತಿದ್ದೆ. ಪಕ್ಕೀರವ್ವ ನನ್ನನ್ನು ಬೈಯುವುದನ್ನೂ ಬಿಟ್ಟಳು. ಆ ಮಜ್ಜಿಗೆಯ ತಂಬಿಗೆಯ ದಿನ ಅವಳಿಗೆ ನೆನಪಿತ್ತು. ಮಗಳಿಗೆ ಅವಳು ಏನನ್ನೂ ಹೇಳಲಿಲ್ಲ. ಹೇಳುವುದು ನನ್ನ ಪಾಲಿಗೇ ಉಳಿಯಿತು.

ಒಂದು ಮಧ್ಯಾಹ್ನ ಹುಲಿಗವ್ವ ತಾನೇ ಎದ್ದು ಬಂದು ಪಡಸಾಲೆಯಲ್ಲಿ ಕೂತಳು. ನಾನು ಉಣ್ಣುತ್ತಿದ್ದೆ.

“ಅಪ್ಪಾ, ಒಂದ ಮಾತ ಕೇಳ್ತೀನಿ. ಆವತ್ತ ಕುಂಟಗ ನಮ್ಮ ಗಾಡಿ ದನಿ ಹ್ಯಾಂಗ ಬಂತು?”

ತಾಟು ಪಕ್ಕಕ್ಕೆ ಸರಿಸಿದೆ. ಬೆಲ್ಲದ ಮಾತು, ಎಂಟುನೂರು ಮಂದಿಯ ಮಾತು, ಜೋಡಿಸಿಟ್ಟುಕೊಂಡದ್ದೆಲ್ಲ ಎಲ್ಲಿಗೋ ಹೋಯಿತು.

“ನಾನ ಮಾಡಿದ್ನವ್ವಾ. ಅಡ್ಡ ಪೈಪ ನಾನ ಹಾಕಿದ್ದು.”

ಅವಳು ಬೈಯಲಿ, ಅಳಲಿ, ತಾಟು ಎತ್ತಿ ಒಗೆಯಲಿ ಎಂದು ಕಾದೆ. ಅವಳು ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದಳು. ತಿಂಗಳಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು.

“ಹಂಗಾರ ನನ್ನ ಕಿವಿ ಕೆಟ್ಟಿರಲಿಲ್ಲ” ಎಂದಳು. “ನಮ್ಮಪ್ಪನ ಕೈಯಾಗಿನ ಗಾಡಿ ಅಂತ ಎಲ್ಲಾರ ಮುಂದ ಹೇಳಿದ್ದೆ. ನಿನ್ನ ಕೈಯಾಗಿಂದ ಆಗಿತ್ತು.”

ಆಮೇಲೆ ಅವಳಿಗೆ ಅಳು ಬಂತು. ನನಗೂ ಬಂತು. ಪಕ್ಕೀರವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

ಅಷ್ಟರಲ್ಲಿ ದೂರದಲ್ಲಿ ಸ್ಟೇಷನ್ ರಸ್ತೆಯಲ್ಲಿ ಗಾಡಿಯ ದನಿ ಕೇಳಿತು. ಹುಲಿಗವ್ವ ಕಣ್ಣೊರೆಸಿಕೊಂಡು, ಚಿಕ್ಕಂದಿನ ಹಾಗೆಯೇ ತಲೆ ವಾರೆ ಮಾಡಿದಳು. ಆದರೆ ಹೆಸರು ಹೇಳಲಿಲ್ಲ.

“ಯಾವ್ದಪಾ ಅದು?” ಎಂದು ನನ್ನನ್ನು ಕೇಳಿದಳು.

“ತವರಗಾಡೀನವ್ವಾ.”

“ಖರೇನ?”

“ಖರೇನವ್ವಾ” ಎಂದೆ.

ಅವಳು ಎದ್ದು ಹೋಗಿ ಬಾಗಿಲ ಸಂದಿಯಿಂದ ರಸ್ತೆ ನೋಡಿದಳು. ಬಸ್ಸು ಬಂದು ನಿಂತು, ಓಬಳೆಪ್ಪ ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆ ತಿರುಗಿ ಬಂದು ಕೂತಳು.